‘ನನಗೂ ಹಂಗ ಆಗತೈತಿ’: ಹದಿಹರೆಯದ ಮಕ್ಕಳ ಗುಂಪು ಚಿಕಿತ್ಸೆ ನಡೆಯುವ ಬಗೆ

ಜನವರಿ ಬಂತೆಂದರೆ ನಮ್ಮ ಹೈಸ್ಕೂಲುಗಳಲ್ಲಿ ಒಂದು ಕಾರ್ಯಕ್ರಮ ತಪ್ಪದೆ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನೆಲ್ಲ ಜಮಖಾನೆಯ ಮೇಲೆ ಸಾಲಾಗಿ ಕೂರಿಸಿ, ಮೈಕು ಹಚ್ಚಿ, ಹೊರಗಿನಿಂದ ಬಂದ ಅತಿಥಿಯೊಬ್ಬರಿಂದ ಆತ್ಮವಿಶ್ವಾಸದ ಮೇಲೆ ಭಾಷಣ ಮಾಡಿಸುತ್ತಾರೆ. ‘ನಿಮ್ಮೊಳಗೆ ಅಪಾರ ಶಕ್ತಿ ಇದೆ’ ಎಂಬ ಮಾತಿಗೆ ಚಪ್ಪಾಳೆ ಬೀಳುತ್ತದೆ. ಮುಂದಿನ ಸಾಲಿನ ಹುಡುಗರು ಹುರುಪಿನಿಂದ ಎದ್ದು ಹೋಗುತ್ತಾರೆ. ಯಾವ ಮಗುವಿಗೆ ಆ ಮಾತು ನಿಜಕ್ಕೂ ಬೇಕಿತ್ತೋ ಅದು ಗೋಡೆಗೆ ಒರಗಿಕೊಂಡು, ಇದು ಶಾಣ್ಯಾ ಹುಡುಗರಿಗೆ ಹೇಳಿದ್ದು, ನನಗಲ್ಲ ಎಂದುಕೊಂಡು ಹೋಗುತ್ತದೆ. ಭಾಷಣ ಮಾಡಿದವರ ಕಳಕಳಿಯಲ್ಲಿ ಕೊರತೆಯಿಲ್ಲ. ಆದರೆ ತನ್ನ ಬಗ್ಗೆ ತನಗೇ ಇರುವ ಕೀಳು ಭಾವನೆ ವೇದಿಕೆಯಿಂದ ಬಂದ ಮಾತಿಗೆ ಕರಗುವಂಥದ್ದಲ್ಲ.

ಇದು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾದ ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಜನರ ಆತ್ಮಗೌರವ ಹೆಚ್ಚಿಸುವುದಕ್ಕೆಂದೇ ಒಂದು ಸರ್ಕಾರಿ ಕಾರ್ಯಪಡೆ ರಚಿಸಿತು. ಅಲ್ಲಿಂದ ಮುಂದೆ ಹಲವು ವರ್ಷ ಶಾಲೆಗಳಲ್ಲಿ ಮಕ್ಕಳನ್ನು ಹೊಗಳುವ ಗಾಳಿ ಬೀಸಿತು. 2003ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಅಷ್ಟೂ ಸಂಶೋಧನೆಗಳನ್ನು ಜಾಲಾಡಿ ನೋಡಿದರು. ಕೆಲಸ ಚೆನ್ನಾಗಿ ಮಾಡಿದ ಮಗುವಿಗೆ ತನ್ನ ಮೇಲೆ ಗೌರವ ಒಂದಿಷ್ಟು ಹೆಚ್ಚುತ್ತದೆ. ಬರಿಯ ಹೊಗಳಿಕೆಯಿಂದ ಗೌರವ ಉಬ್ಬಿಸಿದರೆ ಓದು ಸುಧಾರಿಸುವುದಿಲ್ಲ ಎಂಬುದು ಅವರಿಗೆ ಕಂಡದ್ದು. ಮಗು ಏನಾದರೂ ಮಾಡಬೇಕು, ಮಾಡಿದ್ದನ್ನು ತನ್ನ ಓರಗೆಯವರು ನೋಡಬೇಕು. ಗುಂಪು ಚಿಕಿತ್ಸೆ ಈ ಎರಡಕ್ಕೂ ಜಾಗ ಮಾಡಿಕೊಡುತ್ತದೆ.

ಗುಂಪಿನಲ್ಲಿ ಕೂರಿಸಿ ಗುಣ ಮಾಡುವ ಪದ್ಧತಿ ಶುರುವಾದದ್ದು ಮನೋರೋಗಕ್ಕಲ್ಲ, ಕ್ಷಯರೋಗಕ್ಕೆ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರಾಟ್ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಸೇರಿಸಿ ಆಹಾರ, ವಿಶ್ರಾಂತಿ, ಶುಚಿತ್ವದ ಪಾಠ ಹೇಳತೊಡಗಿದರು. ಪಾಠಕ್ಕಿಂತ ಹೆಚ್ಚಾಗಿ ರೋಗಿಗಳು ಒಬ್ಬರಿಗೊಬ್ಬರು ಆಸರೆಯಾದದ್ದು ಅವರಿಗೆ ಕಂಡಿತು. ಮುಂದೆ ಮನೋವೈದ್ಯ ಇರ್ವಿನ್ ಯಾಲೊಮ್ 1970ರ ತಮ್ಮ ಪುಸ್ತಕದಲ್ಲಿ, ಗುಂಪಿನಲ್ಲಿ ಮನಸ್ಸು ಹಗುರಾಗಲು ಯಾವ ಯಾವ ಅಂಶಗಳು ಕೆಲಸ ಮಾಡುತ್ತವೆ ಎಂದು ಬಿಡಿಸಿಟ್ಟರು. ಅವುಗಳಲ್ಲಿ ಹದಿಹರೆಯದವರಿಗೆ ಎಲ್ಲಕ್ಕಿಂತ ಮೊದಲು ತಟ್ಟುವುದು ಇದು: ಈ ಕಷ್ಟ ನನಗೊಬ್ಬನಿಗೇ ಅಲ್ಲ.

ಹದಿನಾಲ್ಕರ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ. ಎದ್ದು ನಿಂತು ಓದುವಾಗ ತನಗೊಬ್ಬಳಿಗೇ ಬಾಯಿ ಒಣಗುತ್ತದೆ, ತನ್ನೊಬ್ಬನ ಮುಖದ ಮೇಲೆಯೇ ಎಲ್ಲರ ಕಣ್ಣು ಎಂದು ಆ ವಯಸ್ಸಿನ ಮಗು ಖಚಿತವಾಗಿ ನಂಬಿರುತ್ತದೆ. ‘ಹಂಗೇನಿಲ್ಲ ಬಿಡು’ ಎಂದು ಅಪ್ಪ ಹೇಳಿದರೆ ಅದು ಸಮಾಧಾನದ ಮಾತಾಗುತ್ತದೆ. ಎದುರಿಗೆ ಕೂತ ಇನ್ನೊಬ್ಬ ಹುಡುಗಿ, ತರಗತಿಯಲ್ಲಿ ಜಾಣೆ ಎನಿಸಿಕೊಂಡವಳು, ‘ನನಗೂ ಹಂಗ ಆಗತೈತಿ’ ಎಂದರೆ ಅದು ಸಾಕ್ಷಿಯಾಗುತ್ತದೆ.

ವೃತ್ತದೊಳಗೆ ಯಾರು

ಗುಂಪು ಅಂದರೆ ಇಡೀ ತರಗತಿ ಅಲ್ಲ. 8ರಿಂದ 12 ಮಕ್ಕಳು, ವಯಸ್ಸಿನಲ್ಲಿ ಒಂದೆರಡು ವರ್ಷಕ್ಕಿಂತ ಹೆಚ್ಚು ಅಂತರವಿಲ್ಲದವರು. ಅದಕ್ಕಿಂತ ಕಡಿಮೆಯಾದರೆ ಒಬ್ಬರು ರಜೆ ಹಾಕಿದರೂ ಮಾತು ಸೊರಗುತ್ತದೆ. ಹೆಚ್ಚಾದರೆ ಮೌನಿಗಳು ಮೌನಿಗಳಾಗಿಯೇ ಉಳಿಯುತ್ತಾರೆ. ವಾರಕ್ಕೊಮ್ಮೆ, ಒಂದು ಪಿರಿಯಡ್‌ನಷ್ಟು ಹೊತ್ತು, ಹತ್ತು ಹನ್ನೆರಡು ವಾರ. ಬೆಂಚುಗಳನ್ನು ಬದಿಗೆ ಸರಿಸಿ ಎಲ್ಲರೂ ನೆಲದ ಮೇಲೆ ದುಂಡಗೆ ಕೂರುತ್ತಾರೆ, ನಡೆಸುವವರೂ ಅದೇ ವೃತ್ತದಲ್ಲಿ. ನಮ್ಮ ಕಡೆ ಎಂಟರಿಂದ ಹತ್ತನೇ ತರಗತಿಯವರೆಗೆ ಹುಡುಗರು ಹುಡುಗಿಯರಿಗೆ ಬೇರೆ ಬೇರೆ ಗುಂಪು ಮಾಡುವುದೇ ಒಳ್ಳೆಯದೆಂದು ನನಗೆ ಅನಿಸುತ್ತದೆ. ಮೈಬಣ್ಣ, ಮೊಡವೆ, ಮುಟ್ಟು, ಎತ್ತರ, ಒಡೆದ ದನಿ ಇವೆಲ್ಲ ಮಾತಿಗೆ ಬರಬೇಕಾದರೆ ಬೇರೆ ದಾರಿಯಿಲ್ಲ. ಈ ವಿಷಯಗಳನ್ನು ಬಿಟ್ಟು ಗುಂಪು ನಡೆಸುವುದೂ ತರವಲ್ಲ. ಮಗು ತನಗೆ ತಾನೇ ಕೊಟ್ಟುಕೊಳ್ಳುವ ಬೆಲೆಯ ಜೊತೆ ಎಲ್ಲಕ್ಕಿಂತ ಬಿಗಿಯಾಗಿ ಹೆಣೆದುಕೊಂಡಿರುವುದು ಓದಲ್ಲ, ತನ್ನ ರೂಪದ ಬಗ್ಗೆ ಇರುವ ಭಾವನೆ ಎಂಬುದು ಮನೋವಿಜ್ಞಾನಿ ಸೂಸನ್ ಹಾರ್ಟರ್ ಅವರ ದೀರ್ಘ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

ಯಾರನ್ನು ಸೇರಿಸಬೇಕು ಎಂಬಲ್ಲಿ ಶಾಲೆಗಳು ಸುಲಭವಾಗಿ ಎಡವುತ್ತವೆ. ಗಲಾಟೆ ಮಾಡುವವರು, ಚಕ್ಕರ್ ಹೊಡೆಯುವವರು, ಗುಟ್ಕಾ ಹಿಡಿದವರು ಎಂದು ಹತ್ತು ಹುಡುಗರ ಪಟ್ಟಿ ಮಾಡಿ, ‘ಇವರಿಗೆ ಸ್ವಲ್ಪ ಕೌನ್ಸೆಲಿಂಗ್ ಮಾಡ್ರಿ’ ಎಂದು ಒಂದೇ ಕೋಣೆಗೆ ಕಳಿಸುವುದು ಅಪಾಯದ ಕೆಲಸ. ಥಾಮಸ್ ಡಿಶಿಯನ್ ಮತ್ತು ಸಂಗಡಿಗರು 1999ರಲ್ಲಿ ಇದನ್ನೇ ತೋರಿಸಿದರು: ತಂಟೆಯ ಹುಡುಗರನ್ನೇ ಒಟ್ಟುಗೂಡಿಸಿದಾಗ ಒಬ್ಬರ ಕಿಡಿಗೇಡಿತನಕ್ಕೆ ಇನ್ನೊಬ್ಬರ ನಗೆಯೇ ಬಹುಮಾನವಾಗಿ, ಅವರ ನಡತೆ ಮೊದಲಿಗಿಂತ ಕೆಡಬಹುದು. ಆದ್ದರಿಂದ ಗುಂಪು ಮಿಶ್ರವಾಗಿರಬೇಕು. ಮಾತೇ ಆಡದವಳು, ವಿಪರೀತ ಮಾತಾಡುವವಳು, ಅಂಕ ತೆಗೆದರೂ ಸಾಲದೆಂದು ಕೊರಗುವವಳು, ಎರಡು ವಿಷಯದಲ್ಲಿ ನಪಾಸಾದವಳು ಎಲ್ಲರೂ ಇರಬೇಕು. ಸೇರುವುದು ಮಗುವಿನ ಇಷ್ಟಕ್ಕೆ ಬಿಟ್ಟದ್ದು. ಪಾಲಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಗುಂಪಿನ ಹೆಸರಲ್ಲಿ ಚಿಕಿತ್ಸೆ ಎಂಬ ಮಾತು ಬೇಡ. ಊರಲ್ಲಿ ಅದಕ್ಕೆ ಯಾವ ಅಡ್ಡಹೆಸರು ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಸರನ್ನು ಮಕ್ಕಳೇ ಇಡಲಿ.

ಮೊದಲ ವಾರ ಪೂರ್ತಿ ಹೋಗುವುದು ಕರಾರುಗಳಿಗೆ, ಅವನ್ನೂ ಮಕ್ಕಳೇ ಬರೆಯಬೇಕು. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಗಬಾರದು. ಮಾತಾಡಲು ಮನಸ್ಸಿಲ್ಲದಿದ್ದರೆ ‘ಮುಂದಿನವರು’ ಎಂದು ಬಿಡಬಹುದು, ಯಾಕೆಂದು ಯಾರೂ ಕೇಳುವಂತಿಲ್ಲ. ನಾಚಿಕೆಯ ಮಗು ಗುಂಪಿನಲ್ಲಿ ಉಳಿಯುವುದು ಈ ಕೊನೆಯ ಕರಾರಿನ ಬಲದಿಂದ. ಒತ್ತಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಎರಡನೆಯದೋ ಮೂರನೆಯದೋ ವಾರಕ್ಕೆ ತಾನಾಗಿಯೇ ಬಾಯಿಬಿಡುತ್ತದೆ.

ಗುಟ್ಟು ಕಾಯುವ ಮಾತಿಗೆ ಮಾತ್ರ ಒಂದು ಗಡಿಯಿದೆ, ಅದನ್ನು ಮೊದಲ ದಿನವೇ ಬಿಚ್ಚಿ ಹೇಳಬೇಕು. ಯಾರಾದರೂ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ವರದಿ ಮಾಡಲೇಬೇಕು. ಜೀವಕ್ಕೆ ಅಪಾಯವಿದ್ದರೆ, ಮದುವೆ ಗೊತ್ತುಮಾಡಿದ್ದು ಕಿವಿಗೆ ಬಿದ್ದರೆ ಗುಂಪು ನಡೆಸುವವರು ಸುಮ್ಮನಿರುವಂತಿಲ್ಲ. ‘ಇಂಥ ಮಾತು ಬಂದರೆ ನಾನು ನಿನಗೆ ಹೇಳಿಯೇ ಸಂಬಂಧಪಟ್ಟವರಿಗೆ ತಿಳಿಸುತ್ತೇನೆ’ ಎಂದು ಮುಂಚೆ ಹೇಳಿದ್ದರೆ, ಆ ದಿನ ಬಂದಾಗ ಮಗುವಿಗೆ ಮೋಸಹೋದಂತೆ ಅನಿಸುವುದಿಲ್ಲ.

ಒಂದು ವಾರ ಒಳಗೆ ಏನಾಗುತ್ತದೆ

ಹೊರಗಿನವರಿಗೆ ಇದು ಬರೀ ಹರಟೆಯಂತೆ ಕಾಣಬಹುದು. ಆದರೆ ಅದಕ್ಕೊಂದು ಕ್ರಮವಿದೆ. ಮೊದಲ ಹತ್ತು ನಿಮಿಷ ಪ್ರತಿಯೊಬ್ಬರೂ ಕಳೆದ ವಾರ ಹೇಗಿತ್ತೆಂದು ಒಂದೆರಡು ಮಾತಲ್ಲಿ ಹೇಳುತ್ತಾರೆ. ಆಮೇಲೆ ಒಂದು ಚಟುವಟಿಕೆ, ಅದರ ಮೇಲೆ ಮಾತು, ಕೊನೆಗೆ ಮುಂದಿನ ವಾರಕ್ಕೆ ಪ್ರತಿಯೊಬ್ಬರೂ ತಮಗೆ ತಾವೇ ಹಾಕಿಕೊಳ್ಳುವ ಒಂದು ಸಣ್ಣ ಕೆಲಸ.

ಮೂರನೆಯ ವಾರದ ಚಟುವಟಿಕೆ ಹೀಗಿದೆ ಎಂದುಕೊಳ್ಳೋಣ. ತನ್ನ ಬಗ್ಗೆ ತಾನು ಒಳಗೊಳಗೇ ಹೇಳಿಕೊಳ್ಳುವ ಒಂದು ಮಾತನ್ನು ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ನಡೆಸುವವರು ಒಂದೊಂದೇ ಓದುತ್ತಾರೆ. ‘ನಾ ದಡ್ಡ.’ ‘ನಾ ಕರ್ರಗ ಅದೇನಿ.’ ‘ನಾ ಇಲ್ಲದಿದ್ರೂ ಯಾರಿಗೂ ಗೊತ್ತಾಗಂಗಿಲ್ಲ.’ ಹತ್ತು ಚೀಟಿಯಲ್ಲಿ ನಾಲ್ಕು ಒಂದೇ ಥರ ಇರುವುದು ಎಲ್ಲರಿಗೂ ಕಾಣುತ್ತದೆ. (ಮೂರನೆಯಂಥ ಚೀಟಿ ಬಂದ ದಿನ ನಡೆಸುವವರು ಅದನ್ನು ಗುಂಪಿನಲ್ಲಿ ಬಿಟ್ಟು ಮನೆಗೆ ಹೋಗುವಂತಿಲ್ಲ, ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸಿಯೇ ಏಳಬೇಕು.) ಆಮೇಲೆ ಒಂದು ಮಾತನ್ನು ಎತ್ತಿಕೊಂಡು ಎಲ್ಲರೂ ಸೇರಿ ತನಿಖೆ ಮಾಡುತ್ತಾರೆ. ದಡ್ಡ ಎಂದರೆ ಯಾವ ವಿಷಯದಲ್ಲಿ? ಗಣಿತದಲ್ಲಿ. ಎಲ್ಲಾ ಗಣಿತವೇ? ಬೀಜಗಣಿತ ಬರುವುದಿಲ್ಲ. ಯಾವಾಗಿನಿಂದ? ಆರನೆಯತ್ತೆಯಲ್ಲಿ ಎರಡು ತಿಂಗಳು ಶಾಲೆ ತಪ್ಪಿದಾಗಿನಿಂದ. ನಾನು ದಡ್ಡ ಎಂಬ ದೊಡ್ಡ ತೀರ್ಪು, ಆರನೆಯತ್ತೆಯ ಎರಡು ತಿಂಗಳ ಪಾಠ ತಪ್ಪಿದೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಉಪಾಯವಿದೆ, ತೀರ್ಪಿಗೆ ಇರಲಿಲ್ಲ. ಮನಸ್ಸಿನಲ್ಲಿ ಓಡುವ ಮಾತನ್ನು ಹಿಡಿದು ನಿಲ್ಲಿಸಿ ಪುರಾವೆ ಕೇಳುವ ಈ ವಿಧಾನ ಅರಿವು-ವರ್ತನೆ ಚಿಕಿತ್ಸೆಯಿಂದ ಬಂದದ್ದು. ಒಬ್ಬರೇ ಕೂತು ಮಾಡುವುದಕ್ಕಿಂತ ಓರಗೆಯವರು ಸೇರಿ ಮಾಡಿದಾಗ ಪುರಾವೆಗಳು ಬೇಗ ಸಿಗುತ್ತವೆ, ಯಾಕೆಂದರೆ ದಿನವೂ ನೋಡುವವರು ಅವರೇ.

ಇಲ್ಲಿ ಹೊಗಳಿಕೆಗೂ ಒಂದು ಶಿಸ್ತು ಬೇಕು. ‘ನೀ ಭಾಳ ಚಲೋ ಅದಿ’ ಎಂದರೆ ಮಗು ನಂಬುವುದಿಲ್ಲ. ‘ಮೊನ್ನೆ ಪ್ರಯೋಗಾಲಯದಾಗ ನನಗ ಸೂಕ್ಷ್ಮದರ್ಶಕ ಹೊಂದಿಸಿ ತೋರಿಸಿದಿ’ ಎಂದರೆ ಅಲ್ಲಗಳೆಯಲು ಬರುವುದಿಲ್ಲ. ಆದ್ದರಿಂದ ಕಂಡದ್ದನ್ನು ಮಾತ್ರ ಹೇಳಬೇಕು, ದಿನ ಮತ್ತು ಜಾಗದ ಸಮೇತ.

ಮಧ್ಯದ ವಾರಗಳು ಅಭ್ಯಾಸಕ್ಕೆ. ಮಗು ಅಂಜುವ ಕೆಲಸವನ್ನು ಮೆಟ್ಟಿಲುಗಳಾಗಿ ಒಡೆಯುತ್ತಾರೆ: ಮೊದಲ ವಾರ ಪಾಠ ಮುಗಿದ ಮೇಲೆ ಮಾಸ್ತರ ಹತ್ತಿರ ಹೋಗಿ ಒಂದು ಸಂಶಯ ಕೇಳುವುದು, ಮುಂದಿನ ವಾರ ತರಗತಿಯಲ್ಲೇ ಕೇಳುವುದು, ಅದರ ಮುಂದಿನದು ಪ್ರಾರ್ಥನೆಯ ಹೊತ್ತಿಗೆ ದಿನಪತ್ರಿಕೆಯ ಸುದ್ದಿ ಓದುವುದು. ಗುಂಪಿನಲ್ಲಿ ಮೊದಲು ಅದನ್ನೇ ನಾಟಕ ಮಾಡಿ ನೋಡುತ್ತಾರೆ. ಒಬ್ಬ ಮಾಸ್ತರಾಗುತ್ತಾನೆ, ಒಬ್ಬ ಕೇಳುತ್ತಾನೆ, ಉಳಿದವರು ಎಲ್ಲಿ ದನಿ ಇಳಿಯಿತು ಎಂದು ಹೇಳುತ್ತಾರೆ. ದೊಡ್ಡಾಟ, ಕೋಲಾಟ, ಭಜನೆ ಇವೆಲ್ಲ ಇನ್ನೂ ಉಸಿರಾಡುತ್ತಿರುವ ನಮ್ಮ ಸೀಮೆಯಲ್ಲಿ ವೇಷ ಹಾಕಿ ಆಡುವುದು ಮಕ್ಕಳಿಗೆ ಹೊಸದೇನಲ್ಲ. ದೀಪಾವಳಿಯ ಹೋರಿ ಹಬ್ಬಕ್ಕೆ ಎಂದು ವರ್ಷವಿಡೀ ಹೋರಿ ಸಾಕಿ ತಯಾರು ಮಾಡುವ ಮನೆಯ ಹುಡುಗ ಕರಿಹಲಗೆಯ ಮುಂದೆ ನಿಂತಾಗ ನಡುಗುತ್ತಾನೆ. ಹೋರಿಯ ಮುಂದಿರುವ ಆತ ಬೇರೆ, ಹಲಗೆಯ ಮುಂದಿರುವ ಆತ ಬೇರೆ ಅಲ್ಲ ಎಂದು ಗುಂಪು ಅವನಿಗೆ ತೋರಿಸಿಕೊಡಬಲ್ಲದು. ಅವನ ಧೈರ್ಯ ಎಲ್ಲಿಗೂ ಹೋಗಿಲ್ಲ, ಅದಕ್ಕೆ ಶಾಲೆಯಲ್ಲಿ ಜಾಗ ಸಿಕ್ಕಿಲ್ಲ.

ಇದೇ ಪುರಾವೆ ಕೇಳುವ ವಿಧಾನ ತಿರುಗಿ ಹೊಡೆಯುವ ಒಂದು ಸ್ಥಳವಿದೆ, ಅದನ್ನು ಒತ್ತಿ ಹೇಳಬೇಕೆನಿಸುತ್ತದೆ. ಮಗು ಜಾತಿಯ ಕಾರಣಕ್ಕೆ ಅವಮಾನ ಉಂಡಿದ್ದರೆ, ಹರಿದ ಅಂಗಿಯ ಕಾರಣಕ್ಕೆ ನಗೆಪಾಟಲಾಗಿದ್ದರೆ, ಮನೆಯ ಮಾತು ಲಂಬಾಣಿಯೋ ಉರ್ದುವೋ ಆಗಿದ್ದು ಕನ್ನಡ ಉಚ್ಚಾರಕ್ಕೆ ಅಣಕಿಸಿಕೊಂಡಿದ್ದರೆ, ಅದು ಮಗುವಿನ ಆಲೋಚನೆಯ ದೋಷವಲ್ಲ. ‘ನೀನು ಬೇರೆ ರೀತಿ ಯೋಚಿಸು’ ಎಂದು ಅಲ್ಲಿ ಹೇಳುವುದು ಎರಡನೇ ಅವಮಾನ. ನವಾಬರ ಊರಾದ ಸವಣೂರಿನಲ್ಲಿ ಉರ್ದು ಶಾಲೆಯಿಂದ ಕನ್ನಡ ಹೈಸ್ಕೂಲಿಗೆ ಬರುವ ಮಗುವಿಗೆ, ತಾಂಡಾದಿಂದ ಬಸ್ಸಿಳಿದು ಬರುವ ಮಗುವಿಗೆ ಮೊದಲು ಬೇಕಾದದ್ದು, ಆದದ್ದು ತಪ್ಪು ಎಂದು ಗುಂಪು ಒಟ್ಟಾಗಿ ಒಪ್ಪುವುದು. ಆಮೇಲೆ ಮುಖ್ಯೋಪಾಧ್ಯಾಯರ ಬಳಿ ಹೋಗಿ ಅಣಕ ನಿಲ್ಲಿಸುವುದು. ಗುಂಪಿನಲ್ಲಿ ಮಗು ತನ್ನ ಮನೆಮಾತಿನಲ್ಲೇ ಶುರುಮಾಡಲಿ. ಗೆಳತಿ ಕನ್ನಡಕ್ಕೆ ತಂದು ಹೇಳುತ್ತಾಳೆ.

ಯಾರು ನಡೆಸಬೇಕು

ಚಿಕಿತ್ಸೆ ಎಂಬ ಹೆಸರಿಗೆ ತಕ್ಕಂತೆ ನಡೆಸಲು ತರಬೇತಿ ಪಡೆದ ಚಿಕಿತ್ಸಾ ಮನೋವಿಜ್ಞಾನಿ ಅಥವಾ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಈ ಹುದ್ದೆಗಳಿವೆ. ಆದರೆ ಒಂದು ಜಿಲ್ಲೆಯ ಎಲ್ಲಾ ಹೈಸ್ಕೂಲುಗಳಿಗೆ ಅವರು ವಾರ ವಾರ ಹೋಗಲಾರರು. ಹಾಗಾಗಿ ಶಾಲೆಯಲ್ಲಿ ನಡೆಯಬಹುದಾದದ್ದು ಚಿಕಿತ್ಸೆಗಿಂತ ಒಂದು ಮೆಟ್ಟಿಲು ಕೆಳಗಿನ ಜೀವನ ಕೌಶಲ ಗುಂಪು. ಅದರಿಂದಲೂ ಫಲವಿದೆ ಎಂಬುದಕ್ಕೆ ನಮ್ಮ ರಾಜ್ಯದ ಸಂಸ್ಥೆಯ ಕೆಲಸವೇ ಆಧಾರ. ಶಿಕ್ಷಕರಿಗೆ ತರಬೇತಿ ಕೊಟ್ಟು, ಚಟುವಟಿಕೆ ಮತ್ತು ಚರ್ಚೆಯ ಮೂಲಕ ಹೈಸ್ಕೂಲು ಮಕ್ಕಳಿಗೆ ಜೀವನ ಕೌಶಲ ಕಲಿಸುವ ಮಾದರಿಯನ್ನು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿತು. ಅಲ್ಲಿನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕಾರ್ಯಕ್ರಮ ನಡೆದ ಎರಡು ಶಾಲೆಗಳ 605 ಮಕ್ಕಳನ್ನು, ನಡೆಯದ ಶಾಲೆಗಳ 423 ಮಕ್ಕಳ ಜೊತೆ ಹೋಲಿಸಿದಾಗ ಮೊದಲಿನವರಲ್ಲಿ ಆತ್ಮಗೌರವ, ಕಷ್ಟ ಎದುರಿಸುವ ಬಗೆ, ಶಾಲೆ ಮತ್ತು ಶಿಕ್ಷಕರೊಂದಿಗಿನ ಹೊಂದಾಣಿಕೆ ಸ್ಪಷ್ಟವಾಗಿ ಮೇಲಿದ್ದವು. ಆದರೆ ಮನೆಯೊಳಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆಯ ಗುಂಪು ಮನೆಯ ಬಾಗಿಲು ದಾಟುವುದು ಕಷ್ಟ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಇದಕ್ಕೆ ಎದುರಾಗಿ ಬಿಹಾರದ ಒಂದು ಅನುಭವವನ್ನೂ ಇಡಬೇಕು. ನಾಲಂದಾ ಜಿಲ್ಲೆಯ 74 ಸರ್ಕಾರಿ ಹೈಸ್ಕೂಲುಗಳಲ್ಲಿ ಸೆಹರ್ ಎಂಬ ಕಾರ್ಯಕ್ರಮದ ಪರೀಕ್ಷೆ ನಡೆಯಿತು. ಕೆಲವು ಶಾಲೆಗಳಲ್ಲಿ ಅದನ್ನು ನಡೆಸಿದ್ದು ಅದಕ್ಕೆಂದೇ ನೇಮಿಸಿದ ಸ್ಥಳೀಯ ಆಪ್ತಸಮಾಲೋಚಕರು, ವಿಶೇಷ ಪದವಿ ಇಲ್ಲದ ಸಾಮಾನ್ಯರು. ಇನ್ನು ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆಪ್ತಸಮಾಲೋಚಕರಿದ್ದ ಶಾಲೆಗಳ ವಾತಾವರಣ ಸುಧಾರಿಸಿತ್ತು, ಮಕ್ಕಳ ಖಿನ್ನತೆ, ಪರಸ್ಪರ ಪೀಡನೆ ಕಡಿಮೆಯಾಗಿದ್ದವು. ಶಿಕ್ಷಕರೇ ನಡೆಸಿದ ಕಡೆ ಅಂಥ ಪರಿಣಾಮ ಕಾಣಲಿಲ್ಲ. ಪಾಠ, ಜನಗಣತಿ, ಚುನಾವಣೆ ಕೆಲಸ, ಬಿಸಿಯೂಟದ ಲೆಕ್ಕ ಎಲ್ಲ ಹೊತ್ತ ಶಿಕ್ಷಕರ ಮೇಲೆ ಇದನ್ನೂ ಹೇರಿದರೆ ಹೀಗಾಗುವುದು ಸಹಜ. ಅದಕ್ಕಿಂತ ಮುಖ್ಯವಾಗಿ, ಅಂಕ ಕೊಡುವ ಕೈ ಮತ್ತು ಗುಟ್ಟು ಕೇಳುವ ಕಿವಿ ಒಬ್ಬರದ್ದೇ ಆದಾಗ ಮಗು ಬಾಯಿಬಿಡುವುದಿಲ್ಲ. ಶಿಕ್ಷಕರೇ ನಡೆಸಬೇಕಾಗಿ ಬಂದರೆ, ಗುಂಪಿನಲ್ಲಿ ತಾವು ಪಾಠ ಮಾಡುವ ತರಗತಿಯ ಮಕ್ಕಳು ಇರದಂತೆ ನೋಡಿಕೊಳ್ಳಬೇಕು, ಆ ಪಿರಿಯಡ್ ಅವರ ವೇಳಾಪಟ್ಟಿಯಲ್ಲೇ ಇರಬೇಕು. ಆಯುಷ್ಮಾನ್ ಭಾರತ ಯೋಜನೆಯ ಅಡಿ 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತರಬೇತುಗೊಳಿಸುವ ವ್ಯವಸ್ಥೆಯಿದೆ. ಅದರ ಹನ್ನೊಂದು ವಿಷಯಗಳಲ್ಲಿ ಮಾನಸಿಕ ಆರೋಗ್ಯವೂ ಒಂದು. ಶುರುಮಾಡುವ ಶಾಲೆಗೆ ಆ ಇಬ್ಬರೇ ಮೊದಲ ಆಸರೆ.

ವೇಳೆಯ ವಿಷಯದಲ್ಲಿ ನಮ್ಮ ಕಡೆಯ ತಾಲೂಕುಗಳಿಗೆ ತಮ್ಮದೇ ಲೆಕ್ಕವಿದೆ. ಶಾಲೆ ಬಿಟ್ಟ ಮೇಲೆ ಗುಂಪು ಇಟ್ಟರೆ ಹಳ್ಳಿಯ ಮಕ್ಕಳಿಗೆ ಬಸ್ಸು ತಪ್ಪುತ್ತದೆ, ಹೆಣ್ಣುಮಕ್ಕಳಂತೂ ಬರುವುದೇ ಇಲ್ಲ. ಶಾಲೆಯ ಅವಧಿಯೊಳಗೇ ಆಗಬೇಕು; ಶನಿವಾರದ ಬೆಳಗಿನ ಶಾಲೆ ಒಳ್ಳೆಯ ಹೊತ್ತು. ಗೋವಿನಜೋಳದ ಕೊಯ್ಲು ಶುರುವಾದರೆ ಹಾಜರಿ ಇಳಿಯುತ್ತದೆ, ಜನವರಿಯ ನಂತರ ಪರೀಕ್ಷೆಯ ಗುಂಗು. ಜುಲೈಯಲ್ಲಿ ಶುರುಮಾಡಿ ದಸರಾ ರಜೆಯೊಳಗೆ ಮುಗಿಸಿದರೆ ಹತ್ತು ಹನ್ನೆರಡು ವಾರ ಸರಿಯಾಗಿ ಸಿಗುತ್ತವೆ.

ಫಲ ಬಂತೋ ಇಲ್ಲವೋ ತಿಳಿಯಲು ಮಾರಿಸ್ ರೋಸನ್‌ಬರ್ಗ್ 1965ರಲ್ಲಿ ಹದಿಹರೆಯದವರಿಗಾಗಿಯೇ ರೂಪಿಸಿದ ಹತ್ತು ವಾಕ್ಯಗಳ ಪಟ್ಟಿಯನ್ನು ಜಗತ್ತಿನಾದ್ಯಂತ ಇಂದಿಗೂ ಬಳಸುತ್ತಾರೆ. ಐದು ವಾಕ್ಯ ತನ್ನ ಪರವಾಗಿ, ಐದು ವಿರುದ್ಧವಾಗಿ. ಎಷ್ಟು ಒಪ್ಪುತ್ತೀ ಎಂದು ನಾಲ್ಕರಲ್ಲಿ ಒಂದು ಗುರುತು ಹಾಕುವುದು. ಶುರುವಿನಲ್ಲಿ, ಕೊನೆಯಲ್ಲಿ, ಮೂರು ತಿಂಗಳ ನಂತರ ಮತ್ತೊಮ್ಮೆ ಕೊಟ್ಟು ನೋಡಬೇಕು. ಆ ಅಂಕವನ್ನು ಮಗುವಿನ ಹೆಸರಿನ ಮುಂದೆ ಬರೆದು ಶಿಕ್ಷಕರ ಕೋಣೆಯಲ್ಲಿ ಇಟ್ಟರೆ ಇನ್ನೊಂದು ಹಣೆಪಟ್ಟಿ ಹಚ್ಚಿದಂತಾಗುತ್ತದೆ. ಅಂಕದಾಚೆಗೂ ಗುರುತುಗಳು ಕಾಣುತ್ತವೆ: ಮಗು ಪ್ರಶ್ನೆ ಕೇಳತೊಡಗುವುದು, ರಜೆ ಕಡಿಮೆಯಾಗುವುದು, ಕ್ಷಮೆ ಕೇಳುವ ಅಗತ್ಯವಿಲ್ಲದ ಕಡೆ ‘ತಪ್ಪಾತ್ರಿ’ ಎನ್ನುವುದನ್ನು ಬಿಡುವುದು.

ಗುಂಪಿನಿಂದ ಆಗದ ಕೆಲಸವೂ ಇದೆ. ಎರಡು ವಾರಕ್ಕೂ ಮೀರಿ ಮಂಕಾಗಿರುವ, ಊಟ ನಿದ್ದೆ ಕೆಟ್ಟ, ಮೈಮೇಲೆ ಗಾಯ ಮಾಡಿಕೊಂಡ, ಬದುಕು ಸಾಕೆಂದು ಮಾತಾಡಿದ ಮಗುವನ್ನು ಗುಂಪಿಗೆ ಸೇರಿಸಿ ಕಾಯಬಾರದು, ವೈದ್ಯರ ಬಳಿಗೇ ಕರೆದೊಯ್ಯಬೇಕು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆಸುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ಮೊದಲು ವಿಚಾರಿಸಿಕೊಂಡು ಹೋಗಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ರಾತ್ರಿ ಎಷ್ಟೇ ಹೊತ್ತಾಗಿದ್ದರೂ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಬೀಳುವುದಿಲ್ಲ. ದೌರ್ಜನ್ಯ, ಬಾಲ್ಯವಿವಾಹದ ಸಂಗತಿಗೆ ಮಕ್ಕಳ ಸಹಾಯವಾಣಿ 1098.

ಮಗು ಗುಂಪಿಗೆ ಹೋಗತೊಡಗಿದ ಮೇಲೆ ಮನೆಯವರಿಗೆ ತಡೆಯಲಾಗದ ಕುತೂಹಲ ಹುಟ್ಟುವುದು ಸಹಜ. ‘ಅಲ್ಲಿ ಏನಂದಿ? ನಮ್ಮ ಬಗ್ಗೆ ಏನರ ಹೇಳಿದಿ?’ ಎಂದು ಕೇಳಬೇಡಿ. ಹೇಳಿದರೆ ಗುಂಪಿನ ಕರಾರು ಮುರಿಯುತ್ತದೆ, ಹೇಳದಿದ್ದರೆ ನಿಮ್ಮ ಮುನಿಸಿಗೆ ಗುರಿಯಾಗಬೇಕಾಗುತ್ತದೆ. ‘ಈ ವಾರ ನಿನಗ ನೀನ ಹಾಕ್ಕೊಂಡ ಕೆಲಸ ಏನವ್ವಾ?’ ಎಂದಷ್ಟೇ ಕೇಳಬಹುದು. ‘ಅಂಗಡಿಗೆ ಒಬ್ಬಾಕಿನ ಹೋಗಿ ಲೆಕ್ಕ ಮಾಡಿ ಚಿಲ್ಲರೆ ತರೂದು’ ಎಂದು ಅವಳು ಹೇಳಿದರೆ ಚೀಲ ಕೊಟ್ಟು ಕಳಿಸಿ, ತಮ್ಮನನ್ನು ಹಿಂದೆ ಅಟ್ಟಬೇಡಿ. ಎರಡು ರೂಪಾಯಿ ಹೆಚ್ಚುಕಮ್ಮಿಯಾಗಿ ಬಂದರೆ, ಎಲ್ಲಿ ತಪ್ಪಿತೆಂದು ಅವಳೇ ಲೆಕ್ಕ ಹಾಕಿ ನೋಡುವವರೆಗೆ ಸುಮ್ಮನಿರಿ.